ಬೆರಕೆ ಜೋಡಿ

ಭ್ರಮರಾಂಬ ಆ ಮನೆಗೆ ಸೊಸೆಯಾಗಿ ಬಂದು ಹದಿನಾರು ವರ್ಷ. ಅದರಲ್ಲಿ ಹದಿನಾಲ್ಕು ವರ್ಷ ಮಾವ ಓಬುಳೇಸು ಅವಳನ್ನು ‘ತಾಯಿ’ ಎಂದೇ ಕರೆದಿದ್ದರು. ಕಡೆಯ ಎರಡು ವರ್ಷ ಕರೆಯಲೇ ಇಲ್ಲ. ಏನಾದರೂ ಬೇಕಿದ್ದರೆ ಮಗನ ಕಡೆ ತಿರುಗಿ ಹೇಳುತ್ತಿದ್ದರು. ಅವಳು ಸಾರಿನ ಪಾತ್ರೆ ಹಿಡಿದು ಎದುರಿಗೇ ನಿಂತಿದ್ದರೂ ಅಷ್ಟೆ: “ಕುಳ್ಳಾಯಪ್ಪಾ, ಉಪ್ಪು ಕಮ್ಮಿ ಆಗಿದೆ ಅಂತ ಹೇಳು.” ಕುಳ್ಳಾಯಪ್ಪ ಹೆಂಡತಿಯ ಕಡೆ ತಿರುಗಿ, ಉಪ್ಪು ಕಮ್ಮಿಯಂತೆ, ಎನ್ನುತ್ತಿದ್ದ. ಮಗ್ಗದಲ್ಲಿ ಲಾಳಿ ಓಡಿಸಿದ್ದು ಸಾಲದೆಂದು ಮನೆಯೊಳಗೆ ಅವನೇ ಲಾಳಿಯಾಗಿಬಿಟ್ಟಿದ್ದ.

ಇಷ್ಟಕ್ಕೆಲ್ಲ ಕಾರಣ ಅಂಗೈಯಗಲದ ಒಂದು ಕಂಪ್ಯೂಟರ್ ಡಿಸ್ಕು.

ಧರ್ಮವರಂನಲ್ಲಿ ಸೀರೆ ನೇಯುವವರು ಬೀದಿಗೆ ನೂರು ಮಂದಿ ಸಿಗುತ್ತಾರೆ. ಆದರೆ ಅಂಚಿನಲ್ಲಿ ಹಂಸ ಎಲ್ಲಿ ಕತ್ತು ತಿರುಗಿಸಬೇಕು, ಬಳ್ಳಿ ಎಷ್ಟನೇ ಎಳೆಗೆ ಕವಲೊಡೆಯಬೇಕು ಎಂದು ಚೌಕಳಿ ಕಾಗದದ ಮೇಲೆ ಮನೆ ಮನೆ ತುಂಬಿ ಬರೆಯಬಲ್ಲವರು ಬೆರಳೆಣಿಕೆಯಷ್ಟು. ಆ ಕಾಗದಕ್ಕೆ ಊರವರು ಗ್ರಾಫು ಎನ್ನುತ್ತಾರೆ. ಗ್ರಾಫು ನೋಡಿ ರಟ್ಟಿಗೆ ತೂತು ಹೊಡೆಯುತ್ತಾರೆ, ರಟ್ಟು ಮಗ್ಗದ ನೆತ್ತಿ ಏರುತ್ತದೆ, ತೂತಿದ್ದಲ್ಲಿ ಎಳೆ ಏಳುತ್ತದೆ. ಓಬುಳೇಸು ಹರೆಯದಲ್ಲಿ ಬಸ್ಸು ಹತ್ತಿ ಹಿಂದೂಪುರಕ್ಕೆ ಹೋಗಿ, ಅಲ್ಲಿಂದ ಲೇಪಾಕ್ಷಿಗೆ ನಡೆದು, ಗುಡಿಯ ಕಂಬಗಳ ಮೇಲಿನ ಚಿತ್ತಾರವನ್ನೆಲ್ಲ ಎಂಬತ್ತೆರಡು ಗ್ರಾಫಿಗೆ ಇಳಿಸಿದ್ದರು. ಈಗ ವಯಸ್ಸು ಎಪ್ಪತ್ತೆಂಟು. ಕಣ್ಣಿಗೆ ಮಂಜು, ಕೈಗೆ ನಡುಕ, ಗ್ರಾಫಿನ ಪೆನ್ಸಿಲು ಮುಟ್ಟಿ ಹತ್ತು ವರ್ಷ.

ಕಾಗದಕ್ಕೆ ಗೆದ್ದಲು ಹತ್ತಿದಾಗ ಭ್ರಮರಾಂಬಳೇ ಮುಂದೆ ಬಂದಿದ್ದು. ಅವಳು ಕಂಪ್ಯೂಟರಿನಲ್ಲಿ ಗ್ರಾಫು ಬರೆಯಲು ಕಲಿತಿದ್ದಳು, ಊರಿನ ನಾಲ್ಕಾರು ಮಗ್ಗದವರು ಅವಳ ಹತ್ತಿರವೇ ಬರೆಸುತ್ತಿದ್ದರು. ಒಂದೊಂದೇ ಹಾಳೆಯನ್ನು ಹೂವಿನಂತೆ ಎತ್ತಿ, ಮನೆ ಎಣಿಸಿ ಎಣಿಸಿ, ಎಂಬತ್ತೆರಡನ್ನೂ ಕಂಪ್ಯೂಟರಿಗೆ ಏರಿಸಿದಳು. ಎತ್ತಿದ ಹಾಳೆ ಕೈಯಲ್ಲೇ ಪುಡಿಯಾಗುತ್ತಿತ್ತು. ಆ ಪುಡಿಯನ್ನು ಮೊರದಲ್ಲಿ ತುಂಬಿ ತಾನೇ ಹಿತ್ತಲಿಗೆ ಸುರಿದಳು. ಸುರಿದು ಮೂರು ತಿಂಗಳಾಗಿರಲಿಲ್ಲ, ಒಂದು ಬೆಳಿಗ್ಗೆ ಕಂಪ್ಯೂಟರಿನ ಡಿಸ್ಕು ಕೆಮ್ಮದೆ ಕ್ಯಾಕರಿಸದೆ ಸತ್ತುಹೋಯಿತು. ರಟ್ಟು ಹೊಡೆಯುವವನಿಗೆ ಆಗಾಗ ಕೊಟ್ಟಿದ್ದ ಪೆನ್‌ಡ್ರೈವುಗಳನ್ನು ಹುಡುಕಿ ಹುಡುಕಿ ಅರವತ್ತಮೂರು ಗ್ರಾಫು ಸಿಕ್ಕವು. ಹತ್ತೊಂಬತ್ತು ಎಲ್ಲೂ ಸಿಗಲಿಲ್ಲ.

ಓಬುಳೇಸು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಮನಸ್ಸು ಹಗುರಾಗುತ್ತಿತ್ತು. “ಹೋದದ್ದು ಹೋಯ್ತು ಬಿಡು,” ಎಂದು ಗೋಡೆಗೆ ಹೇಳಿ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಜಗಲಿಯ ಮೇಲೆ ಹೋಗಿ ಕೂತರು. ಅಲ್ಲಿಂದ ಅವಳ ಪಾಲಿಗೆ ಅವರು ಎದ್ದು ಬರಲೇ ಇಲ್ಲ.

ಉಳಿದ ಅರವತ್ತಮೂರು ಹೋಗಬಾರದು. ಎರಡು ವರ್ಷ ಭ್ರಮರಾಂಬಳ ತಲೆಯಲ್ಲಿ ಇದೊಂದೇ. ಅವು ಹೋದರೆ ಲೇಪಾಕ್ಷಿಗೆ ನಡೆದುಹೋಗಿ ಬರೆಯಲು ಮಾವನಿಗೆ ಆ ಕಾಲೂ ಇಲ್ಲ, ಆ ಕಣ್ಣೂ ಇಲ್ಲ. ಯುಗಾದಿ ಕಳೆದ ಮೂರನೇ ದಿನ ಗಂಡನನ್ನು ಹೊರಡಿಸಿಕೊಂಡು ಅನಂತಪುರಕ್ಕೆ, ಜಿಲಾನ್ ಬಾಷಾನ ಕಂಪ್ಯೂಟರ್ ಅಂಗಡಿಗೆ ಹೊರಟಳು. ಕಣ್ಣಿನ ಡ್ರಾಪ್ಸು ತರಬೇಕು ಅಂತ ನೆಪ ಹೇಳಿ ಓಬುಳೇಸೂ ರೈಲು ಹತ್ತಿದರು. ಡ್ರಾಪ್ಸು ಧರ್ಮವರಂನ ಮೂಲೆ ಮೂಲೆಯಲ್ಲೂ ಸಿಗುತ್ತದೆ ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಬಾಷಾ ತಿಳಿದವನು. ತಿಳಿದದ್ದನ್ನು ತಿಳಿಯುವ ಹಾಗೆ ಹೇಳಬಲ್ಲವನು, ಆ ಅಂಗಡಿಗಳಲ್ಲಿ ಅದು ಅಪರೂಪ. ಅವರಿಗೆಲ್ಲ ಉಗ್ಗಾಣಿ ಬಜ್ಜಿ ತರಿಸಿಕೊಟ್ಟು, ಹಲವು ಡಿಸ್ಕುಗಳನ್ನು ಒಂದು ನೊಗಕ್ಕೆ ಕಟ್ಟುವ ಈ ಏರ್ಪಾಡಿಗೆ ರೇಡ್ ಅನ್ನುತ್ತಾರೆ, ಕಟ್ಟುವುದಕ್ಕೆ ಬೇರೆ ಬೇರೆ ಬಗೆ ಇದೆ ಎಂದು ಶುರುಮಾಡಿದ. ಒಂದು ಬಗೆಯಲ್ಲಿ ಎರಡು ಡಿಸ್ಕು ಕೆಲಸವನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ, ಓಟ ಜೋರು, ಜಾಗವೂ ಎರಡರಷ್ಟು, ಆದರೆ ಒಂದು ಕೈಕೊಟ್ಟರೆ ಎಲ್ಲವೂ ಹೋಯಿತು. ಇನ್ನೊಂದರಲ್ಲಿ ಇದು ಬರೆದದ್ದನ್ನೇ ಅದೂ ಬರೆಯುತ್ತದೆ, ಕನ್ನಡಿಯ ಹಾಗೆ, ಒಂದು ಸತ್ತರೆ ಇನ್ನೊಂದು ನಿಲ್ಲುತ್ತದೆ. ಮೂರು ಡಿಸ್ಕಿನ ಬಗೆಯೂ ಇದೆ, ಒಂದು ಹೋದರೆ ಉಳಿದೆರಡು ಸೇರಿ ಲೆಕ್ಕ ಹಾಕಿ ಹೋದದ್ದನ್ನು ಮತ್ತೆ ಹುಟ್ಟಿಸುತ್ತವೆ.

ಕುಳ್ಳಾಯಪ್ಪನಿಗೆ ಮೊದಲನೆಯದು ಹಿಡಿಸಿಬಿಟ್ಟಿತು. ಎರಡು ಡಿಸ್ಕು ಕೊಂಡು ಒಂದರ ಜಾಗ ಅನುಭವಿಸುವುದು ಯಾವ ಸೀಮೆ ನ್ಯಾಯ, ಎರಡು ಮಗ್ಗದಲ್ಲಿ ಅರ್ಧರ್ಧ ಸೀರೆ ನೇಯ್ದರೆ ಬೇಗ ಮುಗಿಯುವುದಿಲ್ಲವೇ ಎಂದು ವಾದ ಹೂಡಿದ.

“ಒಂದು ಮಗ್ಗ ಮುರಿದ್ರೆ ಉಳಿದ ಅರ್ಧ ಸೀರೆ ಯಾರಿಗೆ ಉಡಿಸ್ತೀಯಯ್ಯಾ?” ಎಂದಳು ಭ್ರಮರಾಂಬ.

ಬಾಷಾ ಬಜ್ಜಿ ನೆತ್ತಿಗೇರಿಸಿಕೊಂಡು ನಕ್ಕ. ಓಬುಳೇಸು ನಗಲಿಲ್ಲ, ಆದರೆ ಅಗಿಯುವುದನ್ನು ನಿಲ್ಲಿಸಿದರು. ಭ್ರಮರಾಂಬ ಮೂರು ಡಿಸ್ಕಿನದನ್ನೂ ಕೇಳಿ ತಿಳಿದುಕೊಂಡು ಬೇಡವೆಂದಳು. ಅವಳ ಗ್ರಾಫುಗಳೆಲ್ಲ ಸೇರಿದರೂ ಡಿಸ್ಕಿನ ಒಂದು ಮೂಲೆ ತುಂಬುವುದಿಲ್ಲ, ಅವಳಿಗೆ ಬೇಕಾಗಿದ್ದು ಜಾಗವಲ್ಲ, ಭದ್ರತೆ. ಕನ್ನಡಿ ಜೋಡಿಯೇ ಇರಲಿ ಎಂದು ತೀರ್ಮಾನವಾಯಿತು. ಎರಡು ಖಾನೆಯ, ಎರಡು ಪುಟ್ಟ ದೀಪದ ಒಂದು ಪೆಟ್ಟಿಗೆಯನ್ನು ಬಾಷಾ ಮೇಜಿನ ಮೇಲಿಟ್ಟ.

ಎಡವಟ್ಟಾದದ್ದು ಆಮೇಲೆ. ಎರಡು ಡಿಸ್ಕನ್ನು ಬೇರೆ ಬೇರೆ ಲಾಟಿನಿಂದ ಕೊಡುತ್ತೇನೆ ಅಕ್ಕಾ ಎಂದು ಬಾಷಾ ಹೇಳಿದ್ದೇ ತಡ, ಮೂರೂ ಜನ ಒಟ್ಟಿಗೆ ಅವನ ಮೇಲೆ ಬಿದ್ದರು. ಎರಡು ವರ್ಷದಲ್ಲಿ ಆ ಮೂವರೂ ಒಂದೇ ಮಾತು ಆಡಿದ್ದು ಅವತ್ತೇ. ಬೇರೆ ಬೇರೆ ಲಾಟು! ಧರ್ಮವರಂನಲ್ಲಿ ತೊಟ್ಟಿಲಲ್ಲಿರುವ ಕೂಸಿಗೂ ಗೊತ್ತು, ಒಂದು ಸೀರೆಯ ರೇಷ್ಮೆಯೆಲ್ಲ ಒಂದೇ ಕೊಪ್ಪರಿಗೆಯಲ್ಲಿ ಬಣ್ಣ ಕುಡಿದಿರಬೇಕು. ಎರಡು ಕೊಪ್ಪರಿಗೆಯ ಲಡಿ ಬೆರೆಸಿದರೆ ನೆರಳಲ್ಲಿ ಕಾಣದ ಪಟ್ಟೆ ಬಿಸಿಲಲ್ಲಿ ಕಣ್ಣಿಗೆ ಹೊಡೆಯುತ್ತದೆ, ಸಾಹುಕಾರ ಸೀರೆಯನ್ನು ಮುಖದ ಮೇಲೆ ಎಸೆಯುತ್ತಾನೆ. ಬೆರಕೆ ಮಾಲು ಎಂದರೆ ಆ ಊರಲ್ಲಿ ಬೈಗುಳ.

“ಜೋಡಿ ಅಂದ್ಮೇಲೆ ಒಂದೇ ಲಾಟು ಇರ್ಬೇಕಪ್ಪ. ನಮಗೆ ಹೇಳಿಕೊಡ್ತೀಯಾ?” ಎಂದರು ಓಬುಳೇಸು, ನೇಯ್ಗೆಯ ಗುರುವಿನ ಗತ್ತಿನಲ್ಲಿ.

ಬಾಷಾ ಬಿಡಿಸಿ ಹೇಳಲು ಬಾಯಿ ತೆರೆದ. ಭ್ರಮರಾಂಬಳೇ ಅವನನ್ನು ತಡೆದಳು. ಡಿಸ್ಕಿನ ಡಬ್ಬಿಗಳ ಮೇಲಿನ ಅಂಕಿ ಓದಿ ಓದಿ, ಒಂದರ ಹಿಂದೊಂದು ಸಂಖ್ಯೆಯ ಎರಡು ಡಿಸ್ಕು ಆರಿಸಿ, ಅವಳಿ ಮಕ್ಕಳಂತೆ ಮಡಿಲಲ್ಲಿ ಇಟ್ಟುಕೊಂಡು ಬಂದಳು. ಮಾವನದೂ ತನ್ನದೂ ಒಂದೇ ಮಾತಾಯಿತಲ್ಲ ಎಂಬ ಹಿಗ್ಗೂ ಅದರಲ್ಲಿತ್ತು. ಮನೆಯಲ್ಲಿ ಪೆಟ್ಟಿಗೆಗೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಅರವತ್ತಮೂರು ಗ್ರಾಫನ್ನು ಅದಕ್ಕೆ ಒಪ್ಪಿಸಿದರು. ಎರಡೂ ದೀಪ ಹಸಿರಾಗಿ ಮಿನುಗಿದವು.

ಆಷಾಢದಲ್ಲಿ ಸುಂಕನ್ನನ ಗ್ರಹಚಾರ ಕೆಟ್ಟಿತು. ಸುಂಕನ್ನ ಅವರಿಗೆ ರೇಷ್ಮೆಗೆ ಬಣ್ಣ ಹಾಕಿಕೊಡುವವನು, ಮೂವತ್ತು ವರ್ಷದಿಂದ ಅವನ ಕೆಂಪು ಎಂದರೆ ಕೆಂಪು. ಆ ಸಲ ತಂದ ಬಣ್ಣವೇ ಕೆಟ್ಟದ್ದೋ, ನೀರಿನ ಹದ ತಪ್ಪಿತೋ, ಒಂದು ಕೊಪ್ಪರಿಗೆ ಹಾಳಾಯಿತು. ಯಾರಿಗೂ ತಿಳಿಯಲಿಲ್ಲ. ಆ ಲಡಿಯಲ್ಲಿ ಕುಳ್ಳಾಯಪ್ಪ ಆರು ಸೀರೆ ನೇಯ್ದ, ಆರೂ ದಾಳಿಂಬೆ ಕಾಳಿನಂತೆ ಹೊಳೆದವು, ಆರೂ ಮಾರಿಹೋದವು. ತಿಂಗಳೊಳಗೆ ಆರೂ ವಾಪಸು ಬಂದವು. ನೀರು ತಾಕಿದ್ದೇ ಕೆಂಪು ಬಿಟ್ಟು, ಬಿಳಿಯ ಹಂಸಗಳೆಲ್ಲ ವೀಳ್ಯ ಉಗಿದಂತಾಗಿದ್ದವು. ಅದೇ ಸುಮಾರಿಗೆ ಬೇರೆ ಕೊಪ್ಪರಿಗೆಯ ಲಡಿಯಲ್ಲಿ ನೇಯ್ದ ಎರಡು ಸೀರೆಗೆ ಮಾತ್ರ ಏನೂ ಆಗಿರಲಿಲ್ಲ.

ಕುಳ್ಳಾಯಪ್ಪ ಆರನ್ನೂ ನಡುಮನೆಯಲ್ಲಿ ಹರವಿಕೊಂಡು ತಲೆ ಮೇಲೆ ಕೈ ಹೊತ್ತು ಕೂತ. “ಎಲ್ಲಾ ಒಂದೇ ಕೊಪ್ಪರಿಗೆ ನೋಡು, ಆರೂ ಒಟ್ಟಿಗೇ ಹೋದ್ವು,” ಎಂದ.

ಭ್ರಮರಾಂಬ ಅಕ್ಕಿ ಆರಿಸುತ್ತಿದ್ದಳು. ಅವಳ ಕೈ ನಿಂತಿತು. ಒಂದೇ ಕೊಪ್ಪರಿಗೆಯಿಂದ ಬಂದವು ಒಟ್ಟಿಗೆ ಹೊಳೆಯುತ್ತವೆ ನಿಜ, ಹಾಳಾಗುವಾಗಲೂ ಒಟ್ಟಿಗೇ ಹಾಳಾಗುತ್ತವೆ. ಸೀರೆಗೆ ಬೇಕಾಗಿದ್ದು ಒಟ್ಟಿಗೆ ಹೊಳೆಯುವುದು. ತನ್ನ ಪೆಟ್ಟಿಗೆಗೆ ಬೇಕಾಗಿದ್ದು ಒಟ್ಟಿಗೆ ಹಾಳಾಗದಿರುವುದು. ಅವಳು ಅವೆರಡನ್ನೂ ಒಂದೇ ಎಂದುಕೊಂಡುಬಿಟ್ಟಿದ್ದಳು. ಮೊರ ಕೆಳಗಿಟ್ಟು ಫೋನು ಎತ್ತಿಕೊಂಡಳು.

ಬಾಷಾ ಎಲ್ಲ ಕೇಳಿ, “ಅವತ್ತು ನಾನು ಹೇಳೋಕೆ ಬಂದಿದ್ದು ಇದನ್ನೇ ಅಕ್ಕಾ. ಮಾತಾಡೋಕೆ ಎಲ್ಲಿ ಬಿಟ್ರಿ?” ಎಂದ. ಒಂದೇ ದಿನ ಒಂದೇ ಕಾರ್ಖಾನೆಯಲ್ಲಿ ಹುಟ್ಟಿದವಕ್ಕೆ ಕುಂದು ಇದ್ದರೆ ಎರಡಕ್ಕೂ ಇರುತ್ತದೆ, ಅಷ್ಟೇ ಹೊತ್ತು ಓಡಿರುತ್ತವೆ, ಒಂದರ ಬೆನ್ನಿಗೆ ಇನ್ನೊಂದು ಹೋಗುವುದುಂಟು ಎಂದ. ಎರಡು ಸಾಲದು, ಮೂರನೆಯ ನಕಲೊಂದು ಪೆಟ್ಟಿಗೆಯ ಹೊರಗೂ ಇರಲಿ, ಯಾಕೆಂದರೆ ನೀವು ತಪ್ಪಿ ಒಂದು ಗ್ರಾಫು ಅಳಿಸಿದರೆ ಕನ್ನಡಿಯೂ ಅದನ್ನು ಅಳಿಸುತ್ತದೆ ಎಂದೂ ಹೇಳಿದ.

ಮರುದಿನವೇ ಬೇರೊಂದು ಕಂಪನಿಯ, ಬೇರೊಂದು ವರ್ಷದ ಡಿಸ್ಕು ತಂದಳು. ಅವಳಿಯಲ್ಲಿ ಒಂದನ್ನು ಈಚೆಗೆ ತೆಗೆದು, ಅದರ ಖಾನೆಗೆ ಹೊಸದನ್ನು ತೂರಿಸಿದಳು. ಅರ್ಧ ದಿನ ದೀಪ ಹಳದಿಯಾಗಿ ಮಿಟುಕಿ, ಒಳಗಿದ್ದ ಹಳೆಯದು ಹೊಸದಕ್ಕೆ ತನ್ನಲ್ಲಿದ್ದದ್ದನ್ನೆಲ್ಲ ಒಪ್ಪಿಸಿ, ಮತ್ತೆ ಎರಡೂ ಹಸಿರಾದವು. ಹೊರಗೆ ಬಂದ ಅವಳಿಯನ್ನು ಮೂರನೆಯ ನಕಲಿಗೆ ಇಟ್ಟುಕೊಂಡಳು. ಅಮಾವಾಸ್ಯೆಗೆ ಮಗ್ಗಕ್ಕೆ ರಜ. ತಿಂಗಳಿಗೊಮ್ಮೆ ಆ ದಿನ ಅದನ್ನು ಬೀರುವಿನಿಂದ ತೆಗೆದು, ಹೊಸ ಕೆಲಸವನ್ನೆಲ್ಲ ಅದಕ್ಕೆ ತುಂಬಿ, ಮತ್ತೆ ಬೀರುವಿಗೆ ಸೇರಿಸುವುದೆಂದು ವ್ರತ ಹಿಡಿದಳು.

ಮನೆಯಲ್ಲಿ ಆದ ಗೇಲಿ ಹೇಳತೀರದು. ಕುಳ್ಳಾಯಪ್ಪ ಪೆಟ್ಟಿಗೆಗೆ ‘ಬೆರಕೆ ಜೋಡಿ’ ಎಂದು ಹೆಸರಿಟ್ಟ. ಅವನು ಇಟ್ಟ ಹೆಸರು ಎರಡೇ ದಿನದಲ್ಲಿ ಬೀದಿಗೆಲ್ಲ ಹಬ್ಬಿತು. ಗ್ರಾಫು ಬರೆಸಲು ಬಂದವರೂ, ಎಲ್ಲಮ್ಮಾ ನಿನ್ನ ಬೆರಕೆ ಜೋಡಿ, ಚೆನ್ನಾಗಿ ಬಾಳ್ವೆ ಮಾಡ್ತಿವೆಯಾ ಎಂದು ಕೇಳತೊಡಗಿದರು. ಓಬುಳೇಸು ಮಾತ್ರ ನಗೆಯಾಡಲಿಲ್ಲ. ಕೂಡಿ ಬಂದ ಜೋಡಿಯನ್ನು ಅಗಲಿಸಿದಳು ಎಂದು ಮಗನಿಗೆ ಹೇಳಿ, ಆ ಕೋಣೆಯ ಕಡೆ ಬರುವುದನ್ನೂ ಬಿಟ್ಟರು. ಭ್ರಮರಾಂಬಳಿಗೆ ಅಳು ಬಂತು. ಅತ್ತಳು ಕೂಡ, ಹಿತ್ತಲಲ್ಲಿ, ಸೀಗೆಪುಡಿ ಕಣ್ಣಿಗೆ ಬಿದ್ದ ನೆಪ ಮಾಡಿಕೊಂಡು. ಆದರೆ ಡಿಸ್ಕನ್ನು ಬದಲಿಸಲಿಲ್ಲ.

ದಸರೆಗೆ ಮುಂಚಿನ ಮಹಾಲಯ ಅಮಾವಾಸ್ಯೆ ಮಂಗಳವಾರ ಬಂತು. ಹಿರಿಯರಿಗೆ ಎಡೆಯಿಟ್ಟು, ವಡೆ ಪಾಯಸದ ಊಟ ಮುಗಿಸಿ, ಭ್ರಮರಾಂಬ ಬೀರುವಿನಿಂದ ಮೂರನೆಯ ಡಿಸ್ಕು ತೆಗೆದು ಕಂಪ್ಯೂಟರಿಗೆ ಚುಚ್ಚಿದಳು. ಅದು ತಿರುಗಲಿಲ್ಲ. ವೈರು ಬದಲಿಸಿದಳು, ಕಿವಿಗೆ ಹಿಡಿದಳು. ಒಳಗೆ ಟಿಕ್ಕು ಟಿಕ್ಕೆಂದು ಹಲ್ಲಿ ಲೊಚಗುಟ್ಟಿದಂಥ ಸದ್ದು, ಆಮೇಲೆ ಅದೂ ಇಲ್ಲ.

ಕುಳ್ಳಾಯಪ್ಪ ಸುಮ್ಮನಿರುತ್ತಾನೆಯೇ. ಜೊತೆಯವನನ್ನು ಬಿಟ್ಟಿರಲಾರದೆ ಕೊರಗಿ ಸತ್ತಿತು, ನೀನೇ ಕೊಂದೆ ಎಂದ. ಅವಳು ಬಾಷಾನಿಗೆ ಫೋನು ಮಾಡಿದಳು. ಅಂಗಡಿಯಲ್ಲಿ ಒಂದು ಡಿಸ್ಕೂ ಉಳಿದಿರಲಿಲ್ಲ, ಬೆಂಗಳೂರಿನಿಂದ ಶನಿವಾರ ಮಾಲು ಬರುತ್ತದೆ ಎಂದ. ಸತ್ತದ್ದರ ಅವಳಿಯೋ, ಪೆಟ್ಟಿಗೆಯ ಒಂದನೇ ಖಾನೆಯಲ್ಲಿ ಹಸಿರು ದೀಪ ಹೊತ್ತು ಕೂತಿತ್ತು. ಬುಧವಾರವೆಲ್ಲ ಭ್ರಮರಾಂಬ ಅದನ್ನೇ ನೋಡುತ್ತ ಒಲೆಯ ಮೇಲೆ ಎರಡು ಸಲ ಹಾಲು ಉಕ್ಕಿಸಿದಳು.

ಗುರುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಪೆಟ್ಟಿಗೆ ಕೂಗಿಕೊಂಡಿತು. ಒಂದೇ ಸಮನೆ, ಮನೆ ತುಂಬ ಕೇಳುವ ಹಾಗೆ. ಮಗ್ಗದ ಕುಣಿಯಲ್ಲಿ ಕೂತಿದ್ದ ಕುಳ್ಳಾಯಪ್ಪ ಲಾಳಿ ಬಿಟ್ಟು ಎದ್ದು ಬಂದ. ಜಗಲಿಯಿಂದ ಓಬುಳೇಸು ಗೋಡೆ ತಡವುತ್ತ ಬಂದು ಬಾಗಿಲಲ್ಲಿ ನಿಂತರು. ಅವರು ಆ ಹೊಸ್ತಿಲಿಗೆ ಬಂದದ್ದು ಎರಡು ತಿಂಗಳ ಮೇಲೆ. ಒಂದನೇ ಖಾನೆಯ ದೀಪ ಕೆಂಪಾಗಿತ್ತು.

“ಕುಳ್ಳಾಯಪ್ಪಾ, ಏನು ಹೋಯ್ತು ಅಂತ ಕೇಳು,” ಎಂದರು.

ಕುಳ್ಳಾಯಪ್ಪ ಕೆಂಪು ದೀಪವನ್ನೇ ನೋಡುತ್ತ ನಿಂತ. ಮೊದಲ ಸಲ ಆ ಲಾಳಿ ಸಿಕ್ಕಿಹಾಕಿಕೊಂಡಿತು.

ಭ್ರಮರಾಂಬ ಎರಡನೇ ಖಾನೆಯನ್ನು ನೋಡಿದಳು. ಬೇರೆ ಕಂಪನಿಯದು, ಬೇರೆ ವರ್ಷದ್ದು, ಬೀದಿಯೆಲ್ಲ ನಕ್ಕ ಆ ಬೆರಕೆ ಡಿಸ್ಕು ಹಸಿರು ದೀಪ ಹೊತ್ತು ತನ್ನ ಪಾಡಿಗೆ ತಿರುಗುತ್ತಿತ್ತು. ಪರದೆಯ ಮೇಲೆ ಲೇಪಾಕ್ಷಿ ಎಂದು ಬರೆದ ಕಡತ ತೆರೆದಳು. ತೆರೆಯಿತು. ಕೆಳಗೆ ಅಂಕಿ ಇತ್ತು, ಅರವತ್ತಮೂರು.

“ಏನೂ ಹೋಗಿಲ್ಲ ಮಾವಯ್ಯಾ. ಎಲ್ಲಾ ಇವೆ,” ಎಂದಳು.

ಮುದುಕರು ನಂಬಲಿಲ್ಲ. ಮಂಜು ಕವಿದ ಕಣ್ಣಿಗೆ ಪರದೆ ಬೆಳಗಿದ ಕಿಟಕಿಯಷ್ಟೇ. ಆದ್ದರಿಂದ ಪರೀಕ್ಷೆಗೆ ಕೂತರು. ಮಗನಿಗೆ ಹೇಳುವುದನ್ನು ಮರೆತು ನೇರವಾಗಿ ಕೇಳಿದರು. ಮೂವತ್ತೊಂದನೆಯದರ ಬಳ್ಳಿ ಎಷ್ಟನೇ ಎಳೆಗೆ ಕವಲೊಡೆಯುತ್ತದೆ? ಅವಳು ಮನೆ ಎಣಿಸಿ ಹದಿನೇಳು ಎಂದಳು. ಐವತ್ತರ ನವಿಲಿಗೆ ಗರಿ ಎಷ್ಟು ಸಾಲು? ಒಂಬತ್ತು. ಏಳನೆಯದರ ಮೂಲೆಯಲ್ಲಿ ಏನಿದೆ? ಒಂದು ಮನೆ ಖಾಲಿ ಬಿಟ್ಟಿದೆ ಮಾವಯ್ಯಾ, ಎಂದಳು. ಅದು ತಪ್ಪಲ್ಲ, ಕಲ್ಲಿನಲ್ಲೇ ಅಲ್ಲಿ ಚಕ್ಕೆ ಎದ್ದಿದೆ, ನಾನು ಇದ್ದ ಹಾಗೇ ಬರೆದೆ ಎಂದರು. ಹೀಗೆ ಊಟದ ಹೊತ್ತಿನವರೆಗೂ ಅರವತ್ತಮೂರನ್ನೂ ಕೇಳಿದರು. ಒಂದೂ ತಪ್ಪಲಿಲ್ಲ, ಅವಳ ಕಡೆಯಿಂದಲೂ, ಅವರ ಕಡೆಯಿಂದಲೂ.

ಭ್ರಮರಾಂಬ ತಲೆಯೆತ್ತಿ ಅವರನ್ನೇ ನೋಡಿದಳು. ಇಷ್ಟು ಹೊತ್ತು ಅವರ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಅದು ಅವಳಿಗೆ ಹೊಳೆದದ್ದು ಆಗ. ಎದ್ದು ಹೋಗಿ ಊಟಕ್ಕೆ ಎಲೆ ಹಾಕಿದಳು.

ಶನಿವಾರ ಬಾಷಾ ತಾನೇ ರೈಲು ಹತ್ತಿ ಎರಡು ಡಿಸ್ಕು ತಂದ. ಒಂದು ಪೆಟ್ಟಿಗೆಗೆ, ಒಂದು ಬೀರುವಿಗೆ, ಎರಡೂ ಬೇರೆ ಬೇರೆ ಊರಲ್ಲಿ ಹುಟ್ಟಿದವು. ಸತ್ತ ಅವಳಿಗಳನ್ನು ಅಂಗೈಯಲ್ಲಿ ತೂಗಿ ನೋಡಿ ಓಬುಳೇಸುವಿಗೆ ಹೇಳಿದ: “ಇವೆರಡೂ ಒಂದೇ ಪೆಟ್ಟಿಗೆಯಲ್ಲಿ ಇದ್ದಿದ್ರೆ ತಾತಾ, ಮಂಗಳವಾರ ಒಂದು, ಗುರುವಾರ ಇನ್ನೊಂದು. ನಾನು ಶನಿವಾರ ಬಂದು ಯಾರ ಮುಖ ನೋಡೋದು?”

ಓಬುಳೇಸು ಅವನ್ನು ಕೈಗೆ ತೆಗೆದುಕೊಂಡು ತಡವಿ ನೋಡಿ ಕೆಳಗಿಟ್ಟರು. ಕುಳ್ಳಾಯಪ್ಪ ಅವರ ಪಾಲಿನದನ್ನೂ ಸೇರಿಸಿ ಹೇಳಿದ. ಮಧ್ಯಾಹ್ನದೊಳಗೆ ಬೀದಿಯ ಎರಡೂ ತುದಿಗೆ ಹೋಗಿ, ನನ್ನ ಹೆಂಡತಿ ಅಂದ್ರೆ ಏನಂತ ತಿಳ್ಕೊಂಡಿದೀರಿ ಎಂದು ಸಾರಿಕೊಂಡು ಬಂದ. ಬೆರಕೆ ಜೋಡಿ ಎಂದು ಹೆಸರಿಟ್ಟವನು ತಾನೇ ಎಂಬುದನ್ನು ಸೊಗಸಾಗಿ ನುಂಗಿಬಿಟ್ಟ. ಸಂಜೆಯೊಳಗೆ ಇಬ್ಬರು ಮಗ್ಗದ ಸಾಹುಕಾರರು ಬಂದು, ತಮ್ಮ ಮನೆಯ ಕಂಪ್ಯೂಟರಿಗೂ ಅಂಥದೇ ಬೆರಕೆ ಜೋಡಿ ಹೇಗೆ ಆರಿಸುವುದು ಹೇಳಮ್ಮಾ ಎಂದು ಭ್ರಮರಾಂಬಳನ್ನು ಕೇಳಿದರು. ಅವಳು ಇಬ್ಬರನ್ನೂ ಮಣೆಯ ಮೇಲೆ ಕೂರಿಸಿ, ಗಂಟಲು ಸರಿಮಾಡಿಕೊಂಡು, ಮೊದಲಿಂದ ಹೇಳಿದಳು. ಅಷ್ಟು ಸುಖವಾಗಿ ಅವಳು ಯಾವತ್ತೂ ಮಾತಾಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಎರಡೂ ದೀಪ ಹಸಿರು. ಭ್ರಮರಾಂಬ ಕಸ ಗುಡಿಸಿ ಕೋಣೆಗೆ ಬಂದರೆ, ಕಂಪ್ಯೂಟರಿನ ಪಕ್ಕದ ಕುರ್ಚಿಯಲ್ಲಿ ಓಬುಳೇಸು ಸ್ನಾನ ಮುಗಿಸಿ, ಮಡಿ ಪಂಚೆಯುಟ್ಟು, ನೆಟ್ಟಗೆ ಕೂತಿದ್ದರು. ಕಣ್ಣು ಮುಚ್ಚಿತ್ತು.

“ಹೊಸ ಗ್ರಾಫು ತೆಗಿ,” ಎಂದರು. “ನೂರಿಪ್ಪತ್ತು ಮನೆ ಅಗಲ.”

ಅವಳು ತೆಗೆದಳು.

“ಎರಡು ಎತ್ತು. ಒಂದು ಬಿಡು. ಮೂರು ಎತ್ತು. ಏಳು ಬಿಡು.”

ಎತ್ತು ಎಂದ ಮನೆಗಳನ್ನು ಅವಳು ತುಂಬುತ್ತ ಹೋದಳು. ಒಂದು ಸಾಲು, ಎರಡು ಸಾಲು, ಇಪ್ಪತ್ತು ಸಾಲು. ಅವರು ಎಲ್ಲಿಯೂ ತಡವರಿಸಲಿಲ್ಲ. ಮೂವತ್ತನೇ ಸಾಲಿಗೆ ಪರದೆಯ ಮೇಲೆ ಒಂದು ಕೊಕ್ಕು ಮೂಡಿತು, ನಲವತ್ತಕ್ಕೆ ಹಂಸ ಕತ್ತು ತಿರುಗಿಸಿ ತನ್ನ ರೆಕ್ಕೆಯನ್ನು ತಾನೇ ಕೆದಕಿತು. ಭ್ರಮರಾಂಬಳಿಗೆ ಅದರ ಗುರುತು ಸಿಕ್ಕಿತು. ಕಳೆದುಹೋದ ಹತ್ತೊಂಬತ್ತರಲ್ಲಿ ಮೊದಲನೆಯದು. ಪುಡಿಯನ್ನು ಅವಳೇ ಮೊರದಲ್ಲಿ ಹೊತ್ತು ಸುರಿದಿದ್ದಳು. ಕಣ್ಣು ತುಂಬಿ ಮನೆಗಳೆಲ್ಲ ಒಂದರ ಮೇಲೊಂದು ಹರಿದಾಡಿದವು.

“ಎರಡು ವರ್ಷ ಬಾಯಿ ಬಿಡಲಿಲ್ಲವಲ್ಲ ಮಾವಯ್ಯಾ,” ಎಂದಳು.

“ಇದು ನನ್ನ ತಲೆಯೊಳಗೆ ಭದ್ರವಾಗಿತ್ತು. ಹೊರಗೆ ಇಡೋಕೆ ಜಾಗ ಇರಲಿಲ್ಲ.” ಕಣ್ಣು ತೆರೆಯದೆಯೇ ಕೈ ಚಾಚಿ, ಪೆಟ್ಟಿಗೆಯನ್ನು ತಡವಿ, ಅದರ ಬೆಚ್ಚನೆಯ ಬೆನ್ನ ಮೇಲೆ ಅಂಗೈ ಇಟ್ಟರು. “ಈಗ ಇದೆ. ಬರಕೋ ತಾಯಿ. ಇನ್ನೂ ಹದಿನೆಂಟು ಬಾಕಿ.”

ಭ್ರಮರಾಂಬ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದಿನ ಸಾಲಿಗೆ ಹೋದಳು.